ಮೇಲಿನ ಮನೆಯ ನೀರು, ಕೆಳಗಿನ ಮನೆಯ ಬರೆ

ಪ್ರಶ್ನೆ: ನಮ್ಮದು ಮಡಿಕೇರಿಯ ಒಂದು ಇಳಿಜಾರು ಬೀದಿ. ಮನೆಯ ಪಕ್ಕಕ್ಕೆ ಎಂಟು ಅಡಿ ಎತ್ತರದ ಬರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ, ಅದರ ಮೇಲೆ ಇನ್ನೊಬ್ಬರ ಮನೆ. ಮೂರು ವರ್ಷದ ಹಿಂದೆ ಕಾರು ನಿಲ್ಲಿಸಲು ಜಾಗ ಸಾಲದೆ ಬರೆಯನ್ನು ಸ್ವಲ್ಪ ಕಡಿಸಿ ಕಲ್ಲಿನ ಗೋಡೆ ಕಟ್ಟಿಸಿದೆವು. ಮೇಲಿನವರು ಈಚೆಗೆ ತಾರಸಿ ಮೇಲೆ ಶೀಟ್ ಹಾಕಿಸಿ, ಎರಡು ರೂಮು ಹೋಂಸ್ಟೇ ಮಾಡಿದ್ದಾರೆ. ಅವರ ಮಾಡಿನ (ಛಾವಣಿಯ) ನೀರೆಲ್ಲ ಒಂದು ಪೈಪಿನಲ್ಲಿ ನಮ್ಮ ಬರೆಯ ತಲೆಗೇ ಬೀಳುತ್ತದೆ. ಈ ಮಳೆಗಾಲದಲ್ಲಿ ನಮ್ಮ ಗೋಡೆ ಬಿರುಕು ಬಿಟ್ಟಿದೆ, ಹೊಟ್ಟೆ ಬಂದ ಹಾಗೆ ಕಾಣುತ್ತದೆ. ಹೇಳಿದರೆ "ನೀರು ಕೆಳಗೇ ತಾನೇ ಹರಿಯೋದು" ಎನ್ನುತ್ತಾರೆ. ಬರೆ ಅಂಚಿನ ಅವರ ಸಿಲ್ವರ್ ಓಕ್ ಮರ ವಾಲಿದೆ. ಅವರ ಅತಿಥಿಗಳ ಕಾರು ನಮ್ಮ ಗೇಟಿಗೆ ಅಡ್ಡ. ಮಾತು ಬಿಟ್ಟು ನಾಲ್ಕು ತಿಂಗಳಾಯಿತು. ಕೋರ್ಟಿಗೆ ಹೋಗಬೇಕಾ? ಕಾಂಪೌಂಡಿನಲ್ಲಿ ಇಂಗುಗುಂಡಿ ಮಾಡಿಸಿದರೆ ಸಾಕಾ?

ಉತ್ತರ:

ಮೊದಲು ಕೊನೆಯ ಮಾತಿಗೆ ಬರುತ್ತೇನೆ, ಏಕೆಂದರೆ ಅದು ಅಪಾಯದ ಮಾತು. ಇಂಗುಗುಂಡಿ ಮಾಡಿಸಬೇಡಿ. ನೀವೂ ಮಾಡಿಸಬೇಡಿ, ಮೇಲಿನವರೂ ಮಾಡಿಸಬಾರದು. ಬೆಂಗಳೂರಿನ ಸಮತಟ್ಟು ಸೈಟಿಗೆ, ಬೋರ್‌ವೆಲ್ ಬತ್ತಿದ ಊರಿಗೆ ಅದು ಒಳ್ಳೆಯ ಸಲಹೆ. ಬರೆಯ ಅಂಚಿನಲ್ಲಿ ಗುಂಡಿ ತೋಡಿ ನೀರು ಇಳಿಸಿದರೆ ಆ ನೀರು ಎಲ್ಲಿಗೆ ಹೋಗುತ್ತದೆ? ಬರೆಯ ಹೊಟ್ಟೆಗೆ ಹೋಗುತ್ತದೆ. ನಮ್ಮ ಕೆಂಪು ಮಣ್ಣು ಒಣಗಿದಾಗ ಕಲ್ಲಿನ ಹಾಗೆ ನಿಲ್ಲುತ್ತದೆ. ನೀರು ಕುಡಿದರೆ ತೂಕ ಹೆಚ್ಚುತ್ತದೆ, ಹಿಡಿತ ಸಡಿಲವಾಗುತ್ತದೆ, ಅಡಿಯ ಗಟ್ಟಿ ಪದರದ ಮೇಲೆ ಜಾರುತ್ತದೆ. 2018ರ ಆಗಸ್ಟ್‌ನ ಭೂಕುಸಿತದಲ್ಲಿ ನಾವೆಲ್ಲ ಕಣ್ಣಾರೆ ನೋಡಿದ್ದು ಅದನ್ನೇ. ಇಂದಿರಾನಗರ, ಚಾಮುಂಡೇಶ್ವರಿನಗರದ ಮನೆಗಳನ್ನು ಮರೆತವರು ಮಡಿಕೇರಿಯಲ್ಲಿ ಇಲ್ಲ. ಮಳೆ ವಿಪರೀತ ಸುರಿದದ್ದು ನಿಜ. ಆದರೆ ಮನೆಗೆ, ರಸ್ತೆಗೆ ಅಂತ ಬೆಟ್ಟವನ್ನು ನೆಟ್ಟಗೆ ಕಡಿದ ಜಾಗಗಳಲ್ಲಿ ಮಣ್ಣು ಸುಲಭವಾಗಿ ಜಾರಿತು ಎನ್ನುವುದೂ ಅಷ್ಟೇ ನಿಜ.

ಇದೇ ಕಾರಣಕ್ಕೆ ಮೇಲಿನ ಮನೆಯ ಶೌಚದ ಗುಂಡಿ ಎಲ್ಲಿದೆ ಅಂತಲೂ ನೋಡಬೇಕು. ಒಂದು ಕುಟುಂಬಕ್ಕೆ ಅಂತ ಮಾಡಿದ ಗುಂಡಿಗೆ ಈಗ ಎರಡು ರೂಮಿನ ಅತಿಥಿಗಳ ಸ್ನಾನದ ನೀರೂ ಸೇರುತ್ತಿದೆ. ಅದು ಬರೆಯ ಕಡೆಗಿದ್ದರೆ ಬೇಸಗೆಯಲ್ಲೂ ನಿಮ್ಮ ಗೋಡೆಯ ಹಿಂದೆ ತೇವ ಇರುತ್ತದೆ. ಫೆಬ್ರವರಿಯಲ್ಲಿ ಗೋಡೆಯ ಬುಡ ಮುಟ್ಟಿ ನೋಡಿ. ಮಳೆ ಇಲ್ಲದ ಕಾಲದಲ್ಲೂ ಹಸಿ ಇದ್ದರೆ, ಪಾಚಿ ಇದ್ದರೆ, ಅದು ಮಾಡಿನ ನೀರಲ್ಲ.

ಇನ್ನು ನಿಮಗೆ ಅಷ್ಟಾಗಿ ಹಿಡಿಸದ ಮಾತು. ನೀವು ಬರೆದದ್ದನ್ನು ಎರಡು ಸಲ ಓದಿದೆ. ಪೈಪು ಅವರ ತಪ್ಪು, ಅನುಮಾನವಿಲ್ಲ. ಆದರೆ ಬರೆ ಕಡಿದವರು ನೀವು. ಇಲ್ಲಿ ಇಬ್ಬರದೂ ಪಾಲಿದೆ. ಇದನ್ನು ಒಪ್ಪಿಕೊಂಡು ಹೊರಟರೆ ಮಾತ್ರ ದಾರಿ ತೆರೆಯುತ್ತದೆ. ನಿಮ್ಮನ್ನು ನೋಯಿಸಲು ಹೇಳುತ್ತಿಲ್ಲ. ಕೋರ್ಟಿನಲ್ಲಿ ಎದುರಿನ ವಕೀಲರು ಮೊದಲು ಕೇಳುವುದೇ ಇದನ್ನು, ಅಷ್ಟೇ.

ಕಾನೂನು ಏನನ್ನುತ್ತದೆ ಎಂದು ಸರಳವಾಗಿ ಹೇಳುತ್ತೇನೆ. 1882ರ ಅನುಭೋಗದ ಹಕ್ಕಿನ (ಇನ್ನೊಬ್ಬರ ಜಾಗದ ಮೇಲೆ ನಮಗಿರುವ ಹಕ್ಕಿನ) ಕಾಯ್ದೆ, ವಕೀಲರು ಈಸ್‌ಮೆಂಟ್ ಕಾಯ್ದೆ ಎನ್ನುವುದು, ಶುರುವಿನಲ್ಲಿ ಜಾರಿಯಾದ ಕೆಲವೇ ಪ್ರದೇಶಗಳಲ್ಲಿ ನಮ್ಮ ಕೊಡಗೂ ಒಂದು. ಮದ್ರಾಸ್, ಮಧ್ಯಪ್ರಾಂತ್ಯ, ಕೂರ್ಗ್ ಅಂತ ಮೊದಲ ಪುಟದಲ್ಲೇ ಇತ್ತು. ಅದರ 7ನೇ ಕಲಮಿನಲ್ಲಿ ನಿಮ್ಮ ಜಗಳದ ಎರಡೂ ಭಾಗಕ್ಕೆ ಉತ್ತರವಿದೆ. ಒಂದು, ಮೇಲಿನ ಜಾಗದಲ್ಲಿ ಬಿದ್ದ ಮಳೆ ತನ್ನ ಪಾಡಿಗೆ ತಾನು ಕೆಳಗೆ ಹರಿದರೆ ಕೆಳಗಿನವರು ಅದನ್ನು ತಡೆಯುವಂತಿಲ್ಲ. ಹಾಗಾಗಿ "ನೀರು ಕೆಳಗೇ ಹರಿಯೋದು" ಎಂಬ ಅವರ ಮಾತು ಅರ್ಧ ಸರಿ. ಆದರೆ ಆ ಮಾತು ತಾನಾಗಿ ಹರಿಯುವ ನೀರಿಗೆ. ಇಡೀ ಮಾಡಿನ ನೀರನ್ನು ಒಟ್ಟುಮಾಡಿ ಪೈಪಿನಲ್ಲಿ ತಂದು ಒಂದೇ ಕಡೆ ಸುರಿಯುವುದು ತಾನಾಗಿ ಹರಿದದ್ದಲ್ಲ. ಎರಡು, ಪ್ರತಿಯೊಬ್ಬರ ನೆಲಕ್ಕೂ ಪಕ್ಕದ ನೆಲದ ಮಣ್ಣಿನ ಆಸರೆ ಪಡೆಯುವ ಹಕ್ಕಿದೆ. ನೀವು ಬರೆ ಕಡಿದದ್ದರಿಂದ ಅವರ ಅಂಗಳ ಕುಸಿದರೆ ಅವರೂ ನಿಮ್ಮನ್ನು ಕೇಳಬಹುದು. ಕೋರ್ಟಿಗೆ ಹೋದರೆ ಇಬ್ಬರ ಕೈಯಲ್ಲೂ ಒಂದೊಂದು ಕಲಂ ಇರುತ್ತದೆ. ಕೇಸು ವರ್ಷಗಟ್ಟಲೆ ನಡೆಯುತ್ತದೆ. ಗೋಡೆ ಅಷ್ಟು ದಿನ ಕಾಯುವುದಿಲ್ಲ, ಅಲ್ವಾ?

ಈಗ ಗೋಡೆಯ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ಕಡೆ ತಡೆಗೋಡೆ ಕಟ್ಟುವವರಲ್ಲಿ ಎಷ್ಟೋ ಜನ ಕಾಂಪೌಂಡ್ ಗೋಡೆ ಕಟ್ಟಿದ ಹಾಗೇ ಅದನ್ನೂ ಕಟ್ಟುತ್ತಾರೆ.

ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಮೇಲಿನವರ ಮಾಡು ಸಾವಿರ ಚದರ ಅಡಿ ಅಂತ ಇಟ್ಟುಕೊಳ್ಳಿ, ಅಂದರೆ 93 ಚದರ ಮೀಟರ್. ಜುಲೈಯಲ್ಲಿ ಮಡಿಕೇರಿಗೆ ದಿನಕ್ಕೆ 100 ಮಿಲಿಮೀಟರ್ ಮಳೆ ಹೊಸದಲ್ಲ. ಅಂಥ ಒಂದು ದಿನ ಆ ಪೈಪಿನಿಂದ 9,300 ಲೀಟರ್ ನೀರು ನಿಮ್ಮ ಬರೆಯ ತಲೆಗೆ ಬೀಳುತ್ತದೆ. ಮಾಮೂಲಿ ಸಾವಿರ ಲೀಟರಿನ ಸಿಂಟೆಕ್ಸ್ ಟ್ಯಾಂಕು ಒಂಬತ್ತು ತುಂಬಿ ಮಿಕ್ಕುವಷ್ಟು. ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳಲ್ಲಿ ಇಂಥ ದಿನ ಸಾಲಾಗಿ ನಾಲ್ಕೈದು ಬರುತ್ತವೆ.

ಅಷ್ಟರಲ್ಲಿ ಸ್ವಲ್ಪ ಮಣ್ಣಿಗಿಳಿದು ಗೋಡೆಯ ಹಿಂದೆ ನಿಂತರೂ ಏನಾಗುತ್ತದೆ ನೋಡಿ. ಎಂಟು ಅಡಿ ಗೋಡೆಯ ಹಿಂದೆ ಬರೀ ಒಣ ಮಣ್ಣಿದ್ದರೆ, ಪ್ರತಿ ಮೀಟರ್ ಉದ್ದಕ್ಕೆ ಅದು ಸುಮಾರು 1.8 ಟನ್ ಬಲದಿಂದ ಗೋಡೆಯನ್ನು ತಳ್ಳುತ್ತದೆ. ಅದೇ ಮಣ್ಣಿನಲ್ಲಿ ಮೇಲಿನ ತನಕ ನೀರು ನಿಂತರೆ ತಳ್ಳುವ ಬಲ 4 ಟನ್ ಹತ್ತಿರ ಹೋಗುತ್ತದೆ. ಎರಡು ಪಟ್ಟಿಗಿಂತ ಜಾಸ್ತಿ. ನಿಮ್ಮ ಗೋಡೆ ಹೊಟ್ಟೆ ಬಿಟ್ಟದ್ದಕ್ಕೆ ಕಾರಣ ಮಣ್ಣಲ್ಲ, ನೀರು.

ಹಾಗಾಗಿ ತಡೆಗೋಡೆ ನೀರನ್ನು ತಡೆಯಬಾರದು, ಬಿಟ್ಟುಕೊಡಬೇಕು. ನಿಮ್ಮ ಗೋಡೆಯಲ್ಲಿ ನೀರು ಹೊರಬರುವ ಕಿಂಡಿಗಳಿವೆಯೇ ನೋಡಿ. ಇರಲಾರದು ಅಂತ ನನ್ನ ಅಂದಾಜು. ಮೂರು ನಾಲ್ಕು ಇಂಚಿನ ಪಿವಿಸಿ ಪೈಪಿನ ತುಂಡುಗಳನ್ನು, ಹೊರಗಡೆಗೆ ಸ್ವಲ್ಪ ಇಳಿಜಾರಾಗಿ, ಸುಮಾರು ಐದೈದು ಅಡಿಗೆ ಒಂದರಂತೆ ಇಡಬೇಕಿತ್ತು. ಕೆಳಗಿನ ಸಾಲು ನೆಲದಿಂದ ಒಂದಡಿಗಿಂತ ಮೇಲೆ ಇರಬಾರದು. ಗೋಡೆಗೂ ಮಣ್ಣಿಗೂ ನಡುವೆ ಒಂದಡಿ ದಪ್ಪಕ್ಕೆ ಜಲ್ಲಿ ತುಂಬಬೇಕು, ಜಲ್ಲಿಗೂ ಮಣ್ಣಿಗೂ ನಡುವೆ ನೀರು ಬಿಟ್ಟು ಮಣ್ಣು ತಡೆಯುವ ಬಟ್ಟೆ ಹಾಕಬೇಕು. ಜಲ್ಲಿಗೆ, ಬಟ್ಟೆಗೆ ದೊಡ್ಡ ಖರ್ಚಿಲ್ಲ. ಆದರೆ ಹಿಂಬದಿಯ ಕೆಲಸ ಯಾರ ಕಣ್ಣಿಗೂ ಕಾಣುವುದಿಲ್ಲ, ಹಾಗಾಗಿ ಮೊದಲು ಬಿಟ್ಟುಹೋಗುವುದೂ ಅದೇ.

ಇನ್ನೊಂದು ಗೋಡೆಯ ಬುಡದ ಅಗಲ. ಬರೀ ತೂಕದಿಂದ ನಿಲ್ಲುವ ಕಲ್ಲಿನ ಗೋಡೆಗೆ ಎತ್ತರದ ಅರ್ಧಕ್ಕಿಂತ ಕಡಿಮೆ ಬುಡ ಇರಬಾರದು. ಎಂಟು ಅಡಿಗೆ ನಾಲ್ಕರಿಂದ ಐದು ಅಡಿ ಬುಡ. ನೀವು ಕಾರಿಗೆ ಜಾಗ ಮಾಡಲು ಬರೆ ಕಡಿಸಿದವರು. ನಾಲ್ಕಡಿ ಗೋಡೆಗೇ ಬಿಟ್ಟಿರುತ್ತೀರಾ? ಒಂದೂವರೆ ಅಡಿ ದಪ್ಪಕ್ಕೆ ಸೈಜುಗಲ್ಲು ಕಟ್ಟಿ ಮೇಲೆ ಸಿಮೆಂಟ್ ಬಳಿದಿದ್ದರೆ, ಅದು ಬರೆಗೆ ಹಾಕಿದ ಅಂಗಿ ಅಷ್ಟೇ. ಬರೆ ನಿಂತಿರುವವರೆಗೆ ಅದೂ ನಿಲ್ಲುತ್ತದೆ.

ಈಗ ಮಾಡಬೇಕಾದ್ದು. ಬಿರುಕಿನ ಎರಡೂ ತುದಿಗೆ ಗೆರೆ ಹಾಕಿ ತಾರೀಖು ಬರೆಯಿರಿ. ಬಿರುಕಿಗೆ ಅಡ್ಡಲಾಗಿ ಒಂದು ಸಣ್ಣ ಗಾಜಿನ ಚೂರನ್ನು ಸಿಮೆಂಟಿನಿಂದ ಅಂಟಿಸಿ. ಗಾಜು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ ಎಂದು ಅರ್ಥ. ಮೇಸ್ತ್ರಿಯ ತೂಕದ ಗುಂಡು ಇಳಿಬಿಟ್ಟು ಹೊಟ್ಟೆ ಎಷ್ಟು ಮುಂದೆ ಬಂದಿದೆ ಅಂತ ಅಳೆದು, ಅದನ್ನೂ ಬರೆದಿಡಿ. ಕಾರನ್ನು ಅಲ್ಲಿ ನಿಲ್ಲಿಸಬೇಡಿ. ಆ ಪಕ್ಕಕ್ಕೆ ಮಲಗುವ ಕೋಣೆ ಇದ್ದರೆ ಮುಂದಿನ ಮಳೆಗಾಲಕ್ಕೆ ಅದನ್ನು ಬದಲಾಯಿಸಿ. ಬಿರುಕಿಗೆ ಸಿಮೆಂಟ್ ತುಂಬಿ ಬಣ್ಣ ಹೊಡೆಯುವುದು ಮಾತ್ರ ಬೇಡವೇ ಬೇಡ. ಅದರಿಂದ ಒಳಗಿನ ನೀರು ಹೊರಬರಲು ಇದ್ದ ಒಂದೇ ದಾರಿಯೂ ಮುಚ್ಚುತ್ತದೆ, ಬಿರುಕು ದೊಡ್ಡದಾಗುತ್ತಿದ್ದರೂ ನಿಮಗೆ ಕಾಣುವುದಿಲ್ಲ.

ಗೋಡೆಯನ್ನು ಮತ್ತೆ ಕಟ್ಟಬೇಕಾಗಬಹುದು. ಕಟ್ಟಡದ ಲೆಕ್ಕ ಗೊತ್ತಿರುವ ಇಂಜಿನಿಯರರನ್ನು ಜಾಗಕ್ಕೆ ಕರೆಸಿ ತೋರಿಸಿ, ಫೋಟೋ ನೋಡಿ ಹೇಳುವವರ ಮಾತು ಬೇಡ. ಕೆಡವುವಾಗ ಪೂರ್ತಿ ಗೋಡೆಯನ್ನು ಒಟ್ಟಿಗೆ ಕೆಡವಬಾರದು. ಐದಾರು ಅಡಿ ಉದ್ದದ ತುಂಡು ಬಿಚ್ಚಿ, ಅದನ್ನು ಕಟ್ಟಿ, ಅದು ಗಟ್ಟಿಯಾದ ಮೇಲೆ ಇನ್ನೊಂದು ತುಂಡು. ಜೆಸಿಬಿ ತಂದು ಅರ್ಧ ದಿನದಲ್ಲಿ ಮುಗಿಸಿಕೊಡುತ್ತೇನೆ ಎನ್ನುವವರನ್ನು ಗೇಟಿನ ಹೊರಗೇ ಕಳಿಸಿ. ಮೇಲೆ ಒಂದು ಮನೆ ಇದೆ, ಮನೆಯಲ್ಲಿ ಜನ ಇದ್ದಾರೆ.

ಕಾಲದ ಲೆಕ್ಕವೂ ಮುಖ್ಯ. ತುಲಾ ಸಂಕ್ರಮಣ ಕಳೆದಿದೆ, ಆದರೂ ಹಿಂಗಾರು ಮಳೆ ಇನ್ನೂ ಬಂದು ಹೋಗುತ್ತಿರುತ್ತದೆ. ಪುತ್ತರಿ, ಅಂದರೆ ನಮ್ಮ ಸುಗ್ಗಿ ಹಬ್ಬ, ಆದ ಮೇಲೆ ಕೆಲಸ ಹಿಡಿಯುವುದು ಒಳ್ಳೆಯದು. ಆದರೆ ಅಷ್ಟು ಹೊತ್ತಿಗೆ ಕಾಫಿ ಕೊಯ್ಲು ಶುರುವಾಗಿ ಕೆಲಸದವರು ಸಿಗುವುದಿಲ್ಲ, ಗಾರೆಯವರ ಕೈಯಾಳುಗಳೂ ತೋಟಕ್ಕೆ ಹೋಗಿರುತ್ತಾರೆ. ಹಾಗಾಗಿ ಮೇಸ್ತ್ರಿಗೆ ಈಗಲೇ ಹೇಳಿಟ್ಟು ಮುಂಗಡ ಕೊಡಿ. ಮಾರ್ಚ್ ಕೊನೆಗೆ, ಕಾಫಿ ಹೂ ಅರಳಿಸುವ ಹೂಮಳೆ ಬೀಳುವ ಹೊತ್ತಿಗೆ, ಮಣ್ಣಿನ ಕೆಲಸ ಮುಗಿದಿರಬೇಕು. ಏಪ್ರಿಲ್‌ನಲ್ಲಿ ನೋಡೋಣ ಅಂತ ಕೂತವರು ಮೇ ತಿಂಗಳಲ್ಲಿ ಬರೆಗೆ ಟಾರ್ಪಾಲ್ ಹೊದಿಸಿ ದೇವರ ಮೇಲೆ ಭಾರ ಹಾಕುತ್ತಾರೆ.

ಗೋಡೆಗಿಂತ ಮೊದಲು ಪೈಪು. ಅದು ನಿಜವಾಗಿ ಒಂದು ವಾರದ ಕೆಲಸ. ಮೇಲಿನವರ ಮಾಡಿನ ಎಲ್ಲ ಕಡೆಯ ನೀರನ್ನೂ ಒಂದು ಕಡೆ ಸೇರಿಸಿ, ಮುಚ್ಚಿದ ಪೈಪಿನಲ್ಲೇ ಬೀದಿಯ ಚರಂಡಿವರೆಗೆ ತರಬೇಕು. ಅವರ ಜಾಗದಿಂದಲೇ ಬೀದಿಗೆ ದಾರಿ ಇದ್ದರೆ ಅದೇ ಮೊದಲ ಆಯ್ಕೆ. ಇಲ್ಲದಿದ್ದರೆ ನಿಮ್ಮ ಕಾಂಪೌಂಡಿನ ಬದಿಯಿಂದ. ನಾಲ್ಕಿಂಚಿನ ಪೈಪು ಜೋರು ಮಳೆಗೆ ಸಾಲುವುದಿಲ್ಲ, ಎಲೆ ಸಿಕ್ಕಿದರೆ ಕಟ್ಟುತ್ತದೆ. ಆರಿಂಚಿನದು ಹಾಕಿಸಿ. ಮೇಲೆ ಎಲೆ ತಡೆಯುವ ಜಾಲರಿ, ಕೆಳಗೆ ಚರಂಡಿಗೆ ಸೇರುವ ಮುಂಚೆ ಒಂದು ಸಣ್ಣ ತೊಟ್ಟಿ. ತೊಟ್ಟಿ ಇಲ್ಲದಿದ್ದರೆ ಅಷ್ಟೆತ್ತರದಿಂದ ಇಳಿದ ನೀರಿನ ರಭಸಕ್ಕೆ ಚರಂಡಿಯ ಬದಿ ಕಿತ್ತುಹೋಗುತ್ತದೆ, ಆಮೇಲೆ ನಿಮ್ಮ ಕೆಳಗಿನ ಮನೆಯವರು ನಿಮ್ಮ ಮೇಲೆ ಬರುತ್ತಾರೆ. ಬರೆಯ ತಲೆಯ ಮೇಲೆ, ಅಂಚಿನಿಂದ ಸ್ವಲ್ಪ ಹಿಂದೆ, ಅವರ ಅಂಗಳದ ನೀರಿಗೂ ಒಂದು ಸಿಮೆಂಟಿನ ಕಾಲುವೆ ಮಾಡಿ ಅದೇ ಪೈಪಿಗೆ ಸೇರಿಸಬೇಕು. ಬೀದಿಯ ಚರಂಡಿ ಮುಚ್ಚಿಹೋಗಿದ್ದರೆ ನಗರಸಭೆಗೆ ಇಬ್ಬರೂ ಸಹಿ ಹಾಕಿ ಅರ್ಜಿ ಕೊಡಿ, ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಜಗಳವಾಡುವ ಎರಡು ಮನೆಗಳಿಂದ ಎರಡು ದೂರು ಹೋಗುವುದಕ್ಕೂ, ಇಬ್ಬರ ಸಹಿಯ ಒಂದೇ ಅರ್ಜಿ ಹೋಗುವುದಕ್ಕೂ ವ್ಯತ್ಯಾಸವಿದೆ.

ನಿಮ್ಮ ಜಾಗದಲ್ಲಿ ಪೈಪು ಬಿಟ್ಟುಕೊಟ್ಟರೆ ನಾಳೆ ಅದೇ ಹಕ್ಕು ಅನ್ನುತ್ತಾರೇನೋ ಎಂಬ ಭಯ ನಿಮಗೆ ಬರಬಹುದು. ಅದು ಸುಮ್ನೆ ಭಯವಲ್ಲ. ಅದೇ ಕಾಯ್ದೆಯ ಪ್ರಕಾರ, ಯಾರ ತಕರಾರೂ ಇಲ್ಲದೆ, ಹಕ್ಕಿನಿಂದ 20 ವರ್ಷ ಬಿಡದೆ ಅನುಭವಿಸಿದರೆ ಅದು ಹಕ್ಕಾಗಬಹುದು. ಆದರೆ ನಿಮ್ಮ ಅನುಮತಿಯಿಂದ ಹಾಕಿದ್ದು ಅಂತ ಬರಹದಲ್ಲಿದ್ದರೆ ಹಾಗಾಗುವುದಿಲ್ಲ. ಆದ್ದರಿಂದ ಒಂದು ಸ್ಟಾಂಪ್ ಪೇಪರ್ ಮೇಲೆ ಬರೆಸಿ: ಪೈಪು ಎಲ್ಲಿಂದ ಎಲ್ಲಿಗೆ, ಯಾರ ಖರ್ಚು ಎಷ್ಟು, ಪ್ರತಿ ಮೇ ತಿಂಗಳು ಯಾರು ಸ್ವಚ್ಛ ಮಾಡಿಸಬೇಕು, ಇದು ಅನುಮತಿಯೇ ಹೊರತು ಹಕ್ಕಲ್ಲ. ಇಬ್ಬರ ಸಹಿ, ಇಬ್ಬರು ಸಾಕ್ಷಿ. ನೋಟರಿ ಮಾಡಿಸಿ ಒಂದೊಂದು ಪ್ರತಿ ಇಟ್ಟುಕೊಳ್ಳಿ.

ಆದರೆ ಮಾತೇ ಬಿಟ್ಟಿದ್ದೀರಲ್ಲ. ಇಂಥ ಒಂದು ಜಗಳವನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಇದೇ ಜಿಲ್ಲೆಯ ಒಂದು ಪೇಟೆ, ಮೇಲಿನ ಮನೆ ಕೆಳಗಿನ ಮನೆ, ಆರು ವರ್ಷ ಜಗಳ. ಕೆಳಗಿನವರು ಪ್ರತಿ ಮಳೆಗಾಲ ಮೊಬೈಲಿನಲ್ಲಿ ವಿಡಿಯೋ ಮಾಡಿ ಬೀದಿಯ ಗುಂಪಿಗೆ ಹಾಕುತ್ತಿದ್ದರು. ಮೇಲಿನವರು ಪ್ರತಿ ವಿಡಿಯೋಗೂ ಇನ್ನಷ್ಟು ಬಿಗಿಯಾಗುತ್ತಿದ್ದರು. ನನ್ನನ್ನು ಕರೆದದ್ದು ಕೆಳಗಿನವರು. ನಾನು ಕೆಳಗೆ ನೋಡಿ, ಆಮೇಲೆ ಮೇಲಿನ ಅಂಗಳಕ್ಕೆ ಹೋಗಬಹುದಾ ಅಂತ ಕೇಳಿದೆ. ಮೇಲಿನ ಮನೆಯ ಅಜ್ಜಿ ಬಾಗಿಲು ತೆಗೆದರು. ಅಂಗಳದಲ್ಲಿ, ಬರೆಯ ಅಂಚಿನಿಂದ ಮೂರಡಿ ಹಿಂದೆ, ಅಂಚಿಗೆ ಸಮಾನಾಂತರವಾಗಿ ಒಂದು ಬಿರುಕು ಉದ್ದಕ್ಕೂ ಇತ್ತು. ಬೆರಳು ಹೋಗುವಷ್ಟು. ಅದರ ಮೇಲೆ ಹೂಕುಂಡ ಸಾಲಾಗಿ ಇಟ್ಟಿದ್ದರು, ಯಾರೂ ಗಮನಿಸಿರಲಿಲ್ಲ. ಅಜ್ಜಿಗೆ ತೋರಿಸಿದೆ. ಗೋಡೆ ಬಿದ್ದರೆ ಕೆಳಗಿನವರಿಗೆ ಮಣ್ಣು ತುಂಬುತ್ತದೆ, ನಿಮಗೆ ಅಂಗಳವೇ ಹೋಗುತ್ತದೆ, ಅದರ ಹಿಂದೆ ಅಡುಗೆಮನೆ ಎಂದೆ. ಅವರು ಮಗನನ್ನು ಕರೆದರು. ಆ ಸಂಜೆಯೇ ಇಬ್ಬರೂ ಒಂದೇ ಮೇಜಿನ ಮುಂದೆ ಕೂತರು. ಪೈಪಿನ ಖರ್ಚು ಮೇಲಿನವರದ್ದು, ಗೋಡೆಯ ಖರ್ಚು ಅರ್ಧರ್ಧ ಅಂತಾಯಿತು. ಆರು ವರ್ಷದಲ್ಲಿ ಒಮ್ಮೆಯೂ ಕೆಳಗಿನವರು ಮೇಲೆ ಹೋಗಿ ನೋಡಿರಲಿಲ್ಲ, ಮೇಲಿನವರು ಕೆಳಗಿಳಿದು ನೋಡಿರಲಿಲ್ಲ.

ಹಾಗಾಗಿ ನೀವೂ ಮೇಲೆ ಹೋಗಬೇಕು. ಮಳೆ ಬರುವ ದಿನ ಹೋಗಬೇಡಿ, ಆಗ ಇಬ್ಬರಿಗೂ ಸಿಟ್ಟಿರುತ್ತದೆ. ಹೋಂಸ್ಟೇ ಅತಿಥಿಗಳು ಇರುವ ಶನಿವಾರ, ಭಾನುವಾರವೂ ಬೇಡ. ಬೀದಿಯಲ್ಲಿ ಇಬ್ಬರೂ ಮರ್ಯಾದೆ ಕೊಡುವ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. "ಬರೆ ಕಡಿಸುವಾಗ ನಿಮ್ಮನ್ನು ಕೇಳಬೇಕಿತ್ತು, ಕೇಳಲಿಲ್ಲ" ಅಂತ ನೀವೇ ಮೊದಲು ಹೇಳಿ. ಈ ಮಾತು ಬರವಣಿಗೆಯಲ್ಲಿ ಬೇಡ, ಬಾಯಲ್ಲಿ ಸಾಕು. ಆಮೇಲೆ ಅವರ ಅಂಗಳದ ಅಂಚು ನೋಡೋಣ ಎನ್ನಿ.

ಇಷ್ಟಕ್ಕೂ ಒಪ್ಪದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. ಕೇಸು ಹಾಕುವ ಮುಂಚೆಯೇ ಇಬ್ಬರನ್ನೂ ಕರೆಸಿ ರಾಜಿ ಮಾಡಿಸುವ ವ್ಯವಸ್ಥೆ ಅಲ್ಲಿದೆ. ಲೋಕ ಅದಾಲತ್‌ನಲ್ಲಿ ಆದ ರಾಜಿಗೆ ಕೋರ್ಟಿನ ಡಿಕ್ರಿಯಷ್ಟೇ ಬೆಲೆ, ಅದರ ಮೇಲೆ ಅಪೀಲು ಇಲ್ಲ. ಸಿವಿಲ್ ದಾವೆ ಕೊನೆಯ ದಾರಿ. ಆಗಲೂ ಪೈಪಿನ ನೀರಿಗೆ ಮೊದಲು ತಡೆಯಾಜ್ಞೆ ಕೇಳಿ, ಪರಿಹಾರದ ಮಾತು ಆಮೇಲೆ.

ಮರದ ಬಗ್ಗೆ. ಬರೆಯ ಅಂಚಿನ ಎತ್ತರದ ಮರ ಗಾಳಿಗೆ ತೂಗಿದಾಗಲೆಲ್ಲ ಬುಡದ ಮಣ್ಣನ್ನು ಮೀಟುತ್ತದೆ. ಮೇಲಿನ ಭಾಗ ಇಳಿಸಿ ಭಾರ ಕಡಿಮೆ ಮಾಡಿಸಬೇಕು. ಕಡಿಯಲೇಬೇಕಾದರೆ ಅರಣ್ಯ ಇಲಾಖೆಯವರನ್ನು ಕೇಳಿಯೇ ಕಡಿಸಿ. ಆದರೆ ಬೇರು ಕೀಳಿಸಬೇಡಿ. ಆ ಬೇರು ಕೊಳೆಯುವ ತನಕ ಮಣ್ಣು ಹಿಡಿದಿರುತ್ತದೆ, ಅಷ್ಟರಲ್ಲಿ ಅಲ್ಲೇ ಲಾವಂಚ ನೆಟ್ಟು ಬೆಳೆಸಿಕೊಳ್ಳಬಹುದು. ಲಾವಂಚದ ಬೇರು ಅಡ್ಡ ಹರಡದೆ ನೇರ ಕೆಳಗಿಳಿಯುತ್ತದೆ, ಬರೆಗೆ ಅದು ಒಳ್ಳೆಯದು. ನೆಡುವುದು ಜೂನ್‌ನಲ್ಲಿ.

ಕಾರಿನದ್ದು ಸಣ್ಣ ವಿಷಯ. ಗೇಟಿಗೆ ಅಡ್ಡ ನಿಲ್ಲಿಸುವ ಅತಿಥಿಗೆ ಅದು ನಿಮ್ಮ ಗೇಟು ಅಂತಲೇ ಗೊತ್ತಿರುವುದಿಲ್ಲ. ಒಂದು ಬೋರ್ಡು ಹಾಕಿ, ರೂಮು ಬುಕ್ ಮಾಡುವಾಗಲೇ ಎಲ್ಲಿ ನಿಲ್ಲಿಸಬೇಕು ಅಂತ ತಿಳಿಸಲು ಮೇಲಿನವರಿಗೆ ಹೇಳಿ. ನೀರಿನ ಮಾತು ಬಗೆಹರಿದ ಮೇಲೆ ಹೇಳಿ, ಎರಡನ್ನೂ ಒಂದೇ ದಿನ ಎತ್ತಬೇಡಿ.

ಒಂದು ವೇಳೆ ಕೆಲಸ ಮುಗಿಯುವ ಮುಂಚೆಯೇ ಮಳೆಗಾಲ ಬಂದುಬಿಟ್ಟರೆ ಇಷ್ಟು ನೆನಪಿಡಿ. ಗೋಡೆಯಿಂದ ತಿಳಿನೀರು ಬರುತ್ತಿದ್ದರೆ ಗಾಬರಿ ಬೇಡ. ಆ ನೀರು ಇದ್ದಕ್ಕಿದ್ದ ಹಾಗೆ ಕೆಸರಾದರೆ, ಅಥವಾ ಜೋರು ಮಳೆ ಇದ್ದರೂ ನಿಂತೇಹೋದರೆ, ಒಳಗೆ ಏನೋ ಸರಿದಿದೆ. ಬಾಗಿಲು ಕಿಟಕಿ ಒಮ್ಮೆಗೇ ಬಿಗಿಯಾಗುವುದು, ಮರ ಅಥವಾ ಕರೆಂಟು ಕಂಬ ಇನ್ನಷ್ಟು ವಾಲುವುದು, ಗಾಜಿನ ಚೂರು ಒಡೆಯುವುದು, ಇದರಲ್ಲಿ ಯಾವುದು ಕಂಡರೂ ಸಾಮಾನು ಕಟ್ಟಲು ನಿಲ್ಲಬೇಡಿ. ಮನೆಯವರನ್ನೆಲ್ಲ ಬರೆಯಿಂದ ದೂರದ ಕಡೆಗೆ ಹೊರಗೆ ಕರೆದುಕೊಂಡು ಹೋಗಿ, ಜಿಲ್ಲಾಡಳಿತದ ಸಹಾಯವಾಣಿ 1077ಕ್ಕೆ ಅಥವಾ ತುರ್ತು ಸಂಖ್ಯೆ 112ಕ್ಕೆ ಫೋನ್ ಮಾಡಿ. ಅದಕ್ಕೂ ಮೊದಲು ಮೇಲಿನ ಮನೆಗೆ ಫೋನ್ ಮಾಡಿ ಎಬ್ಬಿಸಿ. ನಡುರಾತ್ರಿ ಅವರಿಗೆ ಕೆಳಗಿನ ಗೋಡೆ ಕಾಣುವುದಿಲ್ಲ. ಅವರ ನಂಬರ್ ಅಳಿಸಿದ್ದರೆ ಇವತ್ತೇ ಮತ್ತೆ ಸೇರಿಸಿಕೊಳ್ಳಿ.